ಮಹಾದೇವಮ್ಮನ ಸೋರುವ ಡಬ್ಬಿ

ಮಹಾದೇವಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಕಪನೂರದ ಆ ಓಣಿಗೆಲ್ಲ ಗೊತ್ತು. ಈ ಮಳೆಗಾಲದಲ್ಲಿ ಅದು ಮೂಗು ಬಿಟ್ಟು ನೆತ್ತಿಗೇರಿ ಕೂತಿತ್ತು. ಗಾಲಿಯ ಮೇಲಿನ ಅವಳ ಪುಟ್ಟ ಮನೆ ಸೋರತೊಡಗಿತ್ತು.

ಅವಳ ಕಸುಬು ಕೌದಿ ಹೊಲಿಯುವುದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಬಟ್ಟೆ ಜೋಡಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ ಹೊದಿಕೆ ಮಾಡುವ ಕೆಲಸ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಇಪ್ಪತ್ತೈದು ವರ್ಷ ಕಂಡವರ ಪಡಸಾಲೆಯಲ್ಲಿ ಮಲಗೆದ್ದು ಹೊಲಿದಳು. ಐವತ್ತು ದಾಟಿದ ಮೇಲೆ ಮೊಣಕಾಲುಗಳು ಮುಷ್ಕರ ಹೂಡಿದವು. ಆಗ ಗಂಡ ಭೀಮಶಾ ತನ್ನ ಹಳೆ ಜೀಪಿನ ಹಿಂದೆ ಎಳೆಯಲು ಬರುವಂಥ ತಗಡಿನ ಗಾಡಿಯೊಂದನ್ನು ವೆಲ್ಡರ್ ಚಾಂದಪಾಶಾನಿಂದ ಮಾಡಿಸಿದ. ಒಂದು ಕಿಟಕಿ, ಒಂದು ಮಂಚ, ಮಂಚದ ಕೆಳಗೆ ಜನ ಕೊಟ್ಟ ಸೀರೆಗಂಟು ಇಡಲು ಜಾಗ. ಮಂದಿ ಅದನ್ನು ಡಬ್ಬಿ ಎಂದರು, ಅವಳೂ ಹಾಗೇ ಕರೆದಳು. ಅದರೊಳಗೆ ಮೊದಲ ಸಲ ಕಾಲು ಚಾಚಿ ಮಲಗಿದಾಗ ಅವಳಿಗಾದ ಸುಖ ಅಷ್ಟಿಷ್ಟಲ್ಲ.

ಮಂಚದ ಕಾಲ್ದೆಸೆಯ ಮೂಲೆಯಲ್ಲಿ ಮೊದಲು ಒಂದು ಕಲೆ ಕಂಡಿತು. ಮುಂದಿನ ಮಳೆಗೆ ಹನಿ ಬಿತ್ತು.

"ಮಾಳಿಗಿ ಸೋರಿದ್ರ ಏನ್ ಮಾಡ್ತೀವಿ? ಹನಿ ಬೀಳೋ ಜಾಗದ ಮ್ಯಾಲ ಹೋಗಿ ಮಣ್ಣು ಹಾಕ್ತೀವಿ. ಇದೂ ಅಷ್ಟ" ಎಂದ ಭೀಮಶಾ. ಮಣ್ಣಿನ ಮಾಳಿಗೆಯಡಿ ಬೆಳೆದ ಮನುಷ್ಯ. ಹನಿಯ ನೇರ ಮೇಲೆ ತಗಡಿಗೆ ಡಾಂಬರು ಬಳಿದ. ಮತ್ತೆ ಸೋರಿತು, ಇನ್ನೊಂದು ಪದರ ಬಳಿದ. ಮೂರನೇ ಸಲ ಒಳಗಿನಿಂದಲೂ ಬಳಿದ. ಹನಿ ನಿಂತಿತು. ಗಂಡಹೆಂಡಿರು ಸಮಾಧಾನದಿಂದ ಉಂಡರು. ಹೊರಗೆ ಬರುವ ದಾರಿ ಮುಚ್ಚಿದ ನೀರು ಗೋಡೆಯ ಹಲಗೆಯ ಹಿಂದೆ ಇಳಿದು ಮಂಚದ ಕೆಳಗೆ ಸೇರುತ್ತಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಇಪ್ಪತ್ತು ದಿನದ ಮೇಲೆ ಕೆಳಗಿನಿಂದ ಒಂದು ಗಂಟು ಎಳೆದಳು. ಅದು ಭಾರವಾಗಿತ್ತು. ಕಮಲಾಪುರದ ಶಾಲೆಯ ಟೀಚರ್ ಸುನಂದಾ ಕೊಟ್ಟ ಗಂಟು, ತೀರಿಹೋದ ಅವಳ ತಾಯಿಯ ಐದು ಸೀರೆ. "ತೊಳೀಬ್ಯಾಡ್ರಿ ಅಕ್ಕಾ, ಹಂಗೇ ಹೊಲೀರಿ. ಅವ್ವನ ವಾಸನಿ ಇನ್ನಾ ಅದ ಇದರಾಗ" ಎಂದು ಕೈ ಹಿಡಿದು ಹೇಳಿದ್ದಳು. ಈಗ ಇದ್ದದ್ದು ಮುಗ್ಗಲು ವಾಸನೆ. ಕೆಂಪು ಅಂಚಿನ ಬಣ್ಣ ಬಿಟ್ಟು ಬಿಳಿ ಸೀರೆಯ ತುಂಬ ಹರಡಿತ್ತು. ಇಪ್ಪತ್ತೈದು ವರ್ಷದಲ್ಲಿ ಯಾರದೂ ಒಂದು ಚಿಂದಿಯನ್ನೂ ಹಾಳುಮಾಡದವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಅಳು ಮುಗಿದ ಮೇಲೆ ಬೈಯಲು ಒಬ್ಬರು ಬೇಕಾಯಿತು. ನೆಹರು ಗಂಜಿನ ಪೇಟೆಗೆ ದಾರ ತರಲು ಹೋದವಳು ಅಂಗಡಿ ಅಂಗಡಿಯಲ್ಲೂ ಚಾಂದಪಾಶಾನ ಮಾನ ಹರಾಜು ಹಾಕಿದಳು. "ನಾಲ್ಕು ತಗಡು ಕೂಡಿಸಿ ಕೊಟ್ಟಾನ, ಮೋಸಗಾರ! ಕೆಲಸ ಬರಲಾರದಾಂವ ದುಕಾನ್ ಯಾಕ ಇಡಬೇಕು?" ಅವಳು ಮನೆ ಮುಟ್ಟುವುದಕ್ಕಿಂತ ಮೊದಲೇ ಆ ಮಾತು ಕಪನೂರದಲ್ಲಿ ಅವನ ಕಿವಿ ಮುಟ್ಟಿತ್ತು.

ಮರುದಿನ ಚಾಂದಪಾಶಾ ಹೆಗಲಿಗೆ ನೀರಿನ ಪೈಪು ಸುತ್ತಿಕೊಂಡು ತಾನೇ ಬಂದ.

"ಬೈಯೂದು ಆಮ್ಯಾಲ ಅಕ್ಕಾ, ಮೊದಲ ಹುಡುಕೂಣು. ತಗಡಿನಾಗ ನೀರು ಸೀದಾ ಬೀಳಂಗಿಲ್ರಿ. ಎಲ್ಲೋ ಹೊಕ್ಕು, ಕಬ್ಬಿಣದ ಪಟ್ಟಿ ಹಿಡಕೊಂಡು ನಡದು, ಇನ್ನೆಲ್ಲೋ ಹೊರಗ ಬರ್ತದ." ಡಾಂಬರು ನೋಡಿ, "ಇದರ ಮಾರಿಗಿ ಮಸಿ ಯಾರು ಬಳದಾರ?" ಎಂದ. ಭೀಮಶಾ ಜೀಪಿನ ಟೈರು ಪರೀಕ್ಷಿಸತೊಡಗಿದ.

ಒಳಗಿನ ಹಲಗೆಗಳನ್ನು ಬಿಚ್ಚಿದರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಮಹಾದೇವಮ್ಮ ಒಂದೊಂದು ಬೆಸುಗೆಯ ಗುಂಟ ತಿಕ್ಕಿದಳು. ಹಸಿ ತಾಗಿದರೆ ಸುಣ್ಣ ಕಪ್ಪಾಗುತ್ತದೆ. ಬ್ಯಾಟರಿ ಹಿಡಿದು ಅವಳು ಒಳಗೆ ಕೂತಳು, ಅವನು ಹೊರಗಿನಿಂದ ನೀರು ಬಿಟ್ಟ. ಕೆಳಗಿನಿಂದ ಮೇಲಕ್ಕೆ, ಒಮ್ಮೆಗೆ ಒಂದು ಗೇಣು ಮಾತ್ರ. ಮೇಲಿಂದ ಸುರಿದರೆ ಎಲ್ಲ ತೊಯ್ದು ಯಾವುದೂ ತಿಳಿಯುವುದಿಲ್ಲವಂತೆ.

ಕಿಟಕಿಯ ಕೆಳಗೆ ಬಿಟ್ಟ. "ಬಂತೇನ್ರಿ?" "ಇಲ್ಲ." ಕಿಟಕಿಯ ಮೇಲೆ ಬಿಟ್ಟ. "ಇಲ್ಲ." ಹಿಂದಿನ ಮೂಲೆ, ಡಾಂಬರಿನ ಜಾಗ, ನೆತ್ತಿಯ ಬೆಸುಗೆ. ಎಲ್ಲದಕ್ಕೂ ಇಲ್ಲ. ಒಂದೊಂದು ಇಲ್ಲಕ್ಕೂ ಅವಳ ದನಿ ಸಣ್ಣಗಾಗುತ್ತ ಹೋಯಿತು. ಅವನ ಬೆಸುಗೆ ಒಂದಾದರೂ ಸೋರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು, ಅದೇ ಸತ್ಯ.

ಪೈಪು ಗಾಡಿಯ ಮುಂಭಾಗಕ್ಕೆ ಬಂತು. ಅಲ್ಲಿ ನಡುವಿನ ಸುಣ್ಣದ ಗೆರೆ ಕಪ್ಪಾಯಿತು. ನೋಡನೋಡುತ್ತ ನೀರು ಮೇಲಿನ ಪಟ್ಟಿಯ ಗುಂಟ ಹಿಂದಕ್ಕೆ ಹರಿದು, ಮಂಚದ ಕಾಲ್ದೆಸೆಯಲ್ಲಿ ಇಳಿಯಿತು. ಗಾಡಿಯ ಮೂತಿಯನ್ನು ಸ್ಟ್ಯಾಂಡಿನ ಮೇಲೆ ತುಸು ಎತ್ತರದಲ್ಲಿ ನಿಲ್ಲಿಸುತ್ತಿದ್ದರಿಂದ ನೀರಿಗೆ ಬೇರೆ ದಾರಿ ಇರಲಿಲ್ಲ.

"ಬಂತು" ಎಂದಳು.

ಚಾಂದಪಾಶಾ ಹೊರಗೆ ಆ ಜಾಗವನ್ನು ಬೆರಳಿನಿಂದ ತಡವಿದ. "ಇಲ್ಲೊಂದು ಮೊಳಿ ಅದ್ರಿ ಅಕ್ಕಾ. ಮ್ಯಾಲಿನ ತಗಡು ಮಡಚಿದಲ್ಲೇ ಹೊಡದಾರ. ನನ್ನ ಕೆಲಸದಾಗ ಮೊಳಿ ಇರಂಗಿಲ್ಲ."

ಅವಳು ಹೊರಗೆ ಬಂದು ನೋಡಬೇಕಾದ್ದೇನೂ ಇರಲಿಲ್ಲ. ಡಬ್ಬಿ ಬಂದ ದಿನ ಓಣಿಯ ಹೆಂಗಸರೆಲ್ಲ ನೋಡಲು ನೆರೆದಿದ್ದರು. ಯಾರೋ "ಬಂಗಲೇನೇ ತಂದಾಳ ನೋಡ್ರಿ" ಎಂದಿದ್ದರು. ದೃಷ್ಟಿ ತಾಗಬಾರದೆಂದು ಅವತ್ತೇ ಗಾಡಿಯ ಮೂತಿಗೆ ಗುಂಡುಕಲ್ಲಿನಿಂದ ಮೊಳೆ ಬಡಿದು ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದಳು. ಅಮಾವಾಸ್ಯೆಗೊಮ್ಮೆ ತಪ್ಪದೆ ಹೊಸ ಹಣ್ಣು ಕಟ್ಟಿದಳು. ಮೊಳೆಯ ಕಡೆ ಒಂದು ಸಲವೂ ನೋಡಲಿಲ್ಲ.

"ತಪ್ಪಾತು ಭಾಯ್" ಎಂದಳು.

"ನನಗ್ಯಾಕ ಹೇಳ್ತೀರಿ? ಗಂಜಿನಾಗ ಹೇಳ್ರಿ." ಅವನು ಮೊಳೆ ಕಿತ್ತು, ತೂತಿಗೆ ಬೆಸುಗೆ ಹಾಕಿ, ಚಹಾ ಕೂಡ ಕುಡಿಯದೆ ಹೋದ.

ಬೆಳಿಗ್ಗೆ ಗಂಜಿಗೆ ಹೋಗಿ, ಬೈದ ಅಂಗಡಿಗಳನ್ನೆಲ್ಲ ಹತ್ತಿ ತಪ್ಪು ತನ್ನದೆಂದಳು. ಬೈಗುಳವನ್ನು ಕಿವಿಗೊಟ್ಟು ಕೇಳಿದ್ದವರು ಈಗ ಅರ್ಧ ಮಾತಿಗೇ ಗಿರಾಕಿಯ ಕಡೆ ತಿರುಗಿದರು. ಅಲ್ಲಿಂದ ಗಂಡನ ಜೀಪಿನಲ್ಲಿ ಇಬ್ಬರೂ ಕಮಲಾಪುರಕ್ಕೆ ಹೊರಟರು. "ಸೀರಿ ಮಳಿಗಿ ತೊಯ್ದಾವ ಅಂದ್ರ ಸಾಕು. ಮೊಳಿ ಸುದ್ದಿ ಯಾಕ ತೆಗೀತಿ?" ಎಂದ ಭೀಮಶಾ. ಅವಳು ಗಂಟನ್ನು ಮಡಿಲಿಗೆ ಎಳೆದುಕೊಂಡಳು.

ಸುನಂದಾ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಮಹಾದೇವಮ್ಮ ಗಂಟು ಮುಂದಿಟ್ಟು, "ಮಳಿ ತಪ್ಪಲ್ರಿ ಟೀಚರ್, ನನ್ನ ಕೈಯಾರೆ ಆದದ್ದು" ಎಂದು ಒಂದೂ ಬಿಡದೆ ಹೇಳಿದಳು. ಸುನಂದಾ ಗಂಟು ಬಿಚ್ಚಿ, ಮೇಲಿನ ಸೀರೆಯನ್ನು ಮುಖಕ್ಕೊತ್ತಿಕೊಂಡು, ಮೆಲ್ಲಗೆ ಕೆಳಗಿಳಿಸಿದಳು. ಬೈಯಲಿಲ್ಲ. ಬೈದಿದ್ದರೆ ಮಹಾದೇವಮ್ಮನಿಗೆ ಉಸಿರಾದರೂ ಬರುತ್ತಿತ್ತು. ಐದೂ ಸೀರೆ ಎತ್ತಿಕೊಂಡು ಸುನಂದಾ ಹಿತ್ತಲಿಗೆ ಹೋದಳು. ಬಕೆಟಿಗೆ ನಳ ಬಿಟ್ಟು, ಸೋಪಿನ ಪುಡಿ ಸುರಿದು, ಸೀರೆಗಳನ್ನು ಅದರಲ್ಲಿ ಅದುಮಿದಳು.

"ಟೀಚರ್, ತೊಳೀಬ್ಯಾಡ್ರಿ..." ಮಹಾದೇವಮ್ಮನ ಬಾಯಿಂದ ಬಂದೇ ಹೋಯಿತು.

ಸುನಂದಾ ತಿರುಗಿ ನೋಡಲಿಲ್ಲ.

"ಇನ್ನ ಯಾಕ ಬಿಡಲಿ ಅಕ್ಕಾ? ಈಗ ಬರೇ ಸೀರಿ ಆದವಲ್ಲ."