ಒಂದು ಲಕ್ಷದ ಒಂದರ ಹಂಚಿಕೆಯ ಕುರಿತು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಒಂದು ಲಕ್ಷದ ಒಂದು ಎಂಬ ಸಂಖ್ಯೆಯಿಂದ ನಾನು ಬೇಸತ್ತಿದ್ದೇನೆ. ಬರೆಯುವುದು ಇದೇ ಮೊದಲು. ಲೋಪವಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಒಂದು ಲಕ್ಷ ಸಭ್ಯ ಸಂಖ್ಯೆ. ಎರಡು, ನಾಲ್ಕು, ಐದು, ಎಂಟು, ಹತ್ತು ಜನ ಕೇಳಿದರೆ ತಕರಾರಿಲ್ಲದೆ ಒಡೆದುಕೊಡುತ್ತದೆ. ಆದರೆ ನಮ್ಮಲ್ಲಿ ಶುಭಕಾರ್ಯದ ಸಂಖ್ಯೆ ಸೊನ್ನೆಯಲ್ಲಿ ಮುಗಿಯಕೂಡದು, ಮೇಲೊಂದು ಸೇರಿಸಲೇಬೇಕು. ಸೇರಿದ ಕ್ಷಣದಿಂದ ಸಂಖ್ಯೆಯ ನಡತೆ ಕೆಡುತ್ತದೆ. ಎರಡರಿಂದ ಹತ್ತರವರೆಗೆ ಯಾರಿಗೂ ಜಗ್ಗುವುದಿಲ್ಲ.

ಅಕ್ಕಲಕೋಟೆಯ ನಮ್ಮ ಓಣಿಯ ಭಜನಾ ಮಂಡಳಿಯ ಹೆಣ್ಣುಮಕ್ಕಳು ಪ್ರತಿ ಶ್ರಾವಣದಲ್ಲಿ ಒಂದು ಲಕ್ಷದ ಒಂದು ಬಾರಿ ಶಿವನಾಮ ಬರೆಯುತ್ತಾರೆ. ಕೆಲವರು ಮರಾಠಿಯಲ್ಲಿ ಬರೆದರೂ ಎಣಿಕೆಗೆ ಬಾಧಕವಿಲ್ಲ. ಇರುವವರು ಹನ್ನೊಂದು ಮಂದಿ; ನನ್ನ ಅವ್ವ ಹಿರಿಯಳು, ಒಂದು ವರ್ಷವೂ ತಪ್ಪಿಸಿದವಳಲ್ಲ. ಕಳೆದ ವರ್ಷ ಕೊನೆಯ ಆ ಒಂದನ್ನು ಯಾರು ಬರೆಯಬೇಕೆಂದು ಜಗಳವಾಗಿ, ಇಬ್ಬರು ಸಂಕ್ರಾಂತಿಯವರೆಗೆ ಮಾತು ಬಿಟ್ಟಿದ್ದರು. ಆದಕಾರಣ ಈ ಸಲ ಎಲ್ಲರಿಗೂ ಸಮಪಾಲು ಎಂದು ಮಂಡಳಿಯ ಮುಖ್ಯಸ್ಥೆ ಶಾಂತಾ ಕಾಕು ತೀರ್ಮಾನಿಸಿ, ಸೊಲ್ಲಾಪುರದಲ್ಲಿ ಗುಮಾಸ್ತನಾಗಿರುವ ನನಗೆ ಹಂಚಿಕೆಯನ್ನು ವಹಿಸಿದರು.

ಬಸ್ಸಿನಲ್ಲಿ ಭಾಗಿಸುತ್ತ ಹೋದೆ. ಹನ್ನೊಂದಕ್ಕೆ ಬಂದಾಗ ಶೇಷ ಸೊನ್ನೆ! ತಲಾ ಒಂಬತ್ತು ಸಾವಿರದ ತೊಂಬತ್ತೊಂದು. ಅದೂ ಅವಿಭಾಜ್ಯ. ಅಂದರೆ ಹನ್ನೊಂದು ಜನರನ್ನು ಬಿಟ್ಟರೆ, ಮುಂದಿನ ಸಮಪಾಲು ಒಂಬತ್ತು ಸಾವಿರದ ತೊಂಬತ್ತೊಂದು ಜನರಿಗೆ. ಅಷ್ಟು ಮಂದಿಯನ್ನು ಕೂಡಿಸಲು ಪಕ್ಕದೂರು ಮೈಂದರ್ಗಿಯಿಂದಲೂ ಬಸ್ಸು ಮಾಡಬೇಕಾದೀತು. ಈ ವಿಸ್ಮಯವನ್ನು ಕಾಕುಗೆ ಸವಿವರವಾಗಿ ನಿವೇದಿಸಿದೆ. ಅವರು ಸೊಲ್ಲಾಪುರದ ನವಿ ಪೇಠದ ಅಂಗಡಿಗಳಲ್ಲಿ ನಾಮ ಬರೆಯುವ ವಹಿಗಳು ಅಗ್ಗವಾಗಿ ಸಿಗುತ್ತವೆಯೇ ಎಂದು ಕೇಳಿದರು.

ವಹಿಗಳು ಬಂದವು. ಸಂಕಲ್ಪದ ಹಿಂದಿನ ದಿನ ಅವ್ವ ಕೈಯಭ್ಯಾಸಕ್ಕೆಂದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹತ್ತು ನಾಮ ಬರೆದಳು. ಅಷ್ಟರಲ್ಲೇ ಬೆರಳುಗಳು ಸೆಟೆದುಕೊಂಡವು. ಅವಳ ಪಾಲನ್ನು ನಾನು ಬರೆಯುತ್ತೇನೆಂದೆ. ಬೇರೆಯವರ ಕೈ ನಡೆಯದು ಎಂದರು ಮಂಡಳಿಯವರು. ಅವ್ವನನ್ನು ಬಿಟ್ಟರೆ ಹತ್ತು ಜನ, ಶೇಷ ಒಂದು, ಮತ್ತೆ ಜಗಳ. ಇಟ್ಟುಕೊಂಡರೆ ಸಂಕಲ್ಪ ಮುಗಿಯದು. ದೋಷವೆಲ್ಲ ನನ್ನ ಗಣಿತದ್ದೆಂದು ಸಭೆ ಅಭಿಪ್ರಾಯಪಟ್ಟಿತು.

“ಈ ಸಲ ನೀವು ಸುಮ್ನ ಕುಂತ್ ನೋಡ್ರಿ ಅತ್ತಿ, ಸಾಕು,” ಎಂದರು ಕಾಕು.

ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಂತರ ಹೇಳಿದಳು: “ಶಾಂತಾ, ಹತ್ ಮಂದಿ ಹತ್ ಹತ್ ಸಾವಿರ ಬರೀರಿ. ಉಳದ ಒಂದ ನನಗ ಕೊಡ್ರಿ.”

ಕಳೆದ ವರ್ಷ ಮಾತು ಬಿಟ್ಟ ಇಬ್ಬರಲ್ಲಿ ಕಾಕು ಒಬ್ಬರು ಎಂಬುದನ್ನು ಇಲ್ಲಿ ನಮೂದಿಸತಕ್ಕದ್ದು. ಅವರು ಅವ್ವನ ಸೆರಗನ್ನೇ ಬಹಳ ಹೊತ್ತು ನೋಡಿದರು.

“ಲಬಾಡ ಇದ್ದೀರಿ ನೀವು. ಎಲ್ಲಾರ ಪುಣ್ಯಾನೂ ನೀವ ಹೊಡ್ಕೊಂಡ್ರಿ,” ಎಂದು ಕೊನೆಯ ಪುಟವನ್ನು ಬಿಟ್ಟುಕೊಟ್ಟರು.

ಶ್ರಾವಣದ ಕಡೆಯ ಸೋಮವಾರ ಆ ಒಂದನ್ನು ಬರೆಯಲು ಅವ್ವ ಕಾಲು ಗಂಟೆ ತೆಗೆದುಕೊಂಡಳು. ಹತ್ತು ಸಾವಿರ ಬರೆದು ಬೆರಳು ನೋಯಿಸಿಕೊಂಡಿದ್ದ ಹತ್ತು ಮಂದಿಯೂ ಅವಸರಿಸದೆ ಸುತ್ತ ಕುಳಿತು ಕಾದರು. ಹಂಚಿಕೆ ಸಮನಾಗಿರಲಿಲ್ಲ, ಲಿಖಿತವಾಗಿಯಾಗಲಿ ಮೌಖಿಕವಾಗಿಯಾಗಲಿ ಆಕ್ಷೇಪಣೆ ಒಂದೂ ಬರಲಿಲ್ಲ. ನನ್ನದು ಮಾತ್ರ ಒಂದು ಸಣ್ಣ ಅಸಮಾಧಾನ: ಲಕ್ಷವನ್ನು ಹತ್ತರಿಂದ ಭಾಗಿಸಲು ಗುಮಾಸ್ತನ ಅಗತ್ಯವೇ ಇರಲಿಲ್ಲ.