ಸೇರಿಸದೆ ಬಿಟ್ಟ ಐದನೆಯ ಸ್ಥಾನ

ಹೋದ ವಾರ ಸೊಸೆ ತಲೆಗೆ ಹಚ್ಚಲೆಂದು ಹರಳೆಣ್ಣೆ ಬಿಸಿಗಿಟ್ಟು ಮರೆತುಬಿಟ್ಟಳು. ಎಣ್ಣೆ ಸೀದು ನೀಲಿ ಹೊಗೆ ಅಡುಗೆಮನೆಯಿಂದ ನಡುಮನೆಗೆ ಬಂತು. ಕಿಟಕಿ ತೆರೆಯುತ್ತ ಅವಳು, "ಮಾವ, ಜಗಲಿಗೆ ಹೋಗಿ ಕೂತ್ಕೊಳ್ಳಿ, ಕೆಮ್ಮು ಬರುತ್ತೆ" ಅಂದಳು. ನಾನು ಏಳಲಿಲ್ಲ. ಸುಟ್ಟ ಹರಳೆಣ್ಣೆಯ ಆ ವಾಸನೆ ನನಗೆ ಗುರುತಿನದು. ಅರವತ್ತು ವರ್ಷಕ್ಕೂ ಹಿಂದೆ, ಅರಸೀಕೆರೆ ಸ್ಟೇಷನ್ನಿನ ಹಿಂಬದಿಯ ಒಂದು ತಗಡಿನ ಶೆಡ್ಡಿನಲ್ಲಿ ಅದನ್ನು ಎಷ್ಟು ಸಂಜೆ ಉಸಿರಾಡಿದ್ದೆನೋ...

ಆ ಶೆಡ್ಡು ಮೇಸ್ತ್ರಿಯವರದು. ಬಸ್ಸು, ಲಾರಿ, ಮೋಟಾರ್ ಸೈಕಲ್, ಏನು ಕೆಟ್ಟರೂ ಊರಿನವರು ಅಲ್ಲಿಗೇ ತಳ್ಳಿಕೊಂಡು ಹೋಗುತ್ತಿದ್ದರು. ಹಳೇಬೀಡಿನ ಹತ್ತಿರದ ಮಾದಿಹಳ್ಳಿಯವರು ಅವರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ತೆಳ್ಳಗಿನ ಆಳು, ಮಾತು ಕಡಿಮೆ. ಪಂದ್ಯಕ್ಕೆ ಓಡಿಸುವ ಇಂಜಿನ್ನಿಗೆ ಅಂಗಡಿಯ ಎಣ್ಣೆ ತಡೆಯುವುದಿಲ್ಲವೆಂದು ಊರಿನಿಂದ ಸೀಸೆಗಳಲ್ಲಿ ಹರಳೆಣ್ಣೆ ತರುತ್ತಿದ್ದರು. "ನಮ್ಮವ್ವ ಕುದಿಸಿ ತೆಗ್ದಿದ್ದು ಕಣ್ರೀ ಗುಮಾಸ್ತ್ರೇ. ಮಕ್ಕಳ ಹೊಟ್ಟೆ ತೊಳೆಯೋದೂ ಇದೇ, ಇಂಜಿನ್ ಹೊಟ್ಟೆ ಕಾಯೋದೂ ಇದೇ" ಎನ್ನುತ್ತಿದ್ದರು.

ನಾನು ಆಗ ಹೈಸ್ಕೂಲು ಮುಗಿಸಿ ಅದೇ ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕೆಲಸ ಕಾಯಂ ಆಗಿರಲಿಲ್ಲ. ಶಾಲಾ ಕಮಿಟಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರರು. ನನ್ನನ್ನು ಕೂರಿಸಿದವರೂ ಅವರೇ, ಎಬ್ಬಿಸಬಲ್ಲವರೂ ಅವರೇ. ಅವರಿಗೆ ಐವತ್ತು ದಾಟಿದ ಮೇಲೆ ಮೋಟಾರ್ ಸೈಕಲ್ ಪಂದ್ಯದ ಹುಚ್ಚು ಹತ್ತಿತು. ಬೆಂಗಳೂರಿನಲ್ಲಿ ಒಂದು ಹಳೆಯ ಗಾಡಿ ಕೊಂಡು ತಂದು ಮೇಸ್ತ್ರಿಗೆ ಒಪ್ಪಿಸಿದರು. ಮೇಸ್ತ್ರಿ ಅದನ್ನು ಪೂರ್ತಿ ಬಿಚ್ಚಿ, ಅರ್ಧದಷ್ಟು ಭಾಗಗಳನ್ನು ತಾವೇ ಅರದಿಂದ ಉಜ್ಜಿ ಹೊಸದಾಗಿ ಜೋಡಿಸಿದರು. ಓಡಿಸಿದವರೂ ಅವರೇ. ಸಾಹುಕಾರರಿಗೆ ಸೈಕಲ್ ಹೊಡೆಯಲೂ ಬರುತ್ತಿರಲಿಲ್ಲ.

ಪಂದ್ಯದ ಅರ್ಜಿ ಇಂಗ್ಲಿಷಿನಲ್ಲಿ ಇರುತ್ತಿತ್ತು. ಅದನ್ನು ತುಂಬಿದವನು ನಾನು. ಸವಾರನ ಹೆಸರು ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ ಸಾಹುಕಾರರ ಮುಖ ನೋಡಿದೆ. ಅವರು ಎಲೆ ಅಡಿಕೆ ಜಗಿಯುತ್ತ, "ಯೋಚ್ನೆ ಏನಯ್ಯಾ? ಎತ್ತಿನ ಓಟದಲ್ಲಿ ಯಾರ ಹೆಸರು ಕೂಗ್ತಾರೆ? ಜೋಡಿ ಯಾರದೋ ಅವರದು. ಹೊಡಕೊಂಡು ಹೋಗೋ ಆಳಿನ ಹೆಸರು ಯಾರಾದ್ರೂ ಕೇಳ್ತಾರಾ?" ಅಂದರು. ನಮ್ಮ ಸೀಮೆಯಲ್ಲಿ ಪದ್ಧತಿ ಇದ್ದದ್ದೂ ಹಾಗೆಯೇ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಸಾಹುಕಾರರ ಹೆಸರು ಬರೆದೆ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. "ಹಾರ ಎತ್ತಿಗೆ, ಬಹುಮಾನ ಯಜಮಾನ್ರಿಗೆ. ಧೂಳು ಇದ್ದೇ ಐತಲ್ಲ, ಅದು ನಂಗಿರ್ಲಿ ಬಿಡಿ" ಎಂದು ನಕ್ಕರು.

ಮೂರು ಪಂದ್ಯಗಳಾದವು. ಮೂರಕ್ಕೂ ನಾನು ಜೊತೆಯಲ್ಲಿ ಹೋಗಿದ್ದೆ. ಮೊದಲನೆಯದು ಬೆಂಗಳೂರಿನ ಹೊರಗೆ. ಆ ದರ್ಜೆಗೆ ಬಂದಿದ್ದವೇ ಮೂರು ಗಾಡಿ. ಒಂದು ಹೊರಡಲೇ ಇಲ್ಲ, ಇನ್ನೊಂದು ಅರ್ಧಕ್ಕೆ ನಿಂತಿತು. ನಮ್ಮದು ಮೊದಲು ಬಂತು. ಸಾಹುಕಾರರು ಜರಿ ಪೇಟ ಸುತ್ತಿಕೊಂಡು ಹೋಗಿ ಬೆಳ್ಳಿಯ ಕಪ್ಪು ಇಸಿದುಕೊಂಡರು. ಎರಡನೆಯದು ಮದರಾಸಿನ ಕಡೆ, ಯುದ್ಧಕಾಲದ ವಿಮಾನದ ಬಯಲಿನಲ್ಲಿ. ಅಲ್ಲಿ ಮೂವತ್ತು ಗಾಡಿ ಇದ್ದಿರಬೇಕು, ಹೆಚ್ಚಿನವು ವಿಲಾಯಿತಿಯಿಂದ ಬಂದ ಹೊಸ ಗಾಡಿಗಳು. ಅವುಗಳ ನಡುವೆ ನಮ್ಮ ಅರಸೀಕೆರೆಯ ತೇಪೆ ಹಾಕಿದ ಗಾಡಿ ನೀಲಿ ಹೊಗೆ ಬಿಡುತ್ತ ಐದನೆಯದಾಗಿ ಬಂತು. ಐದನೆಯವರಿಗೆ ಕೊಡುವುದೇನೂ ಇರಲಿಲ್ಲ. ಇಳಿದ ಮೇಲೂ ಮೇಸ್ತ್ರಿಯ ಬೆರಳುಗಳು ಹ್ಯಾಂಡಲ್ ಹಿಡಿದ ಹಾಗೇ ಮಡಚಿಕೊಂಡಿದ್ದವು. ನೀರು ಕೊಟ್ಟರೆ ಲೋಟ ಹಿಡಿಯಲಾಗಲಿಲ್ಲ... ಆದರೆ ಆ ಮುಖದ ಬೆಳಕನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ.

ಮೂರನೆಯದರಲ್ಲಿ ತಿರುವಿನಲ್ಲಿ ಬಿದ್ದರು. ಎಡಗಾಲು ಎರಡು ಕಡೆ ಮುರಿದು, ಮೂಳೆ ಕೂಡುವಾಗ ಗಿಡ್ಡವಾಯಿತು. ಸಾಹುಕಾರರ ಹುಚ್ಚು ಅಲ್ಲಿಗೆ ಇಳಿಯಿತು. ಮೇಸ್ತ್ರಿ ಶೆಡ್ಡು ಮುಚ್ಚಿ ಮಾದಿಹಳ್ಳಿಗೆ ಹೋಗಿ ಗದ್ದೆಗಳ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದರು.

ಎರಡು ಮೂರು ವರ್ಷ ಕಳೆದ ಮೇಲೆ ಬೇಲೂರಿನಲ್ಲಿದ್ದ ನಮ್ಮ ನಿವೃತ್ತ ಹೆಡ್‌ಮಾಸ್ತರಿಗೆ ಒಂದು ಕೆಲಸ ಬಂತು. ಕನ್ನಡದಲ್ಲಿ ತಯಾರಾಗುತ್ತಿದ್ದ ಒಂದು ವಿಶ್ವಕೋಶಕ್ಕೆ ನಮ್ಮ ಸೀಮೆಯ ಆಟೋಟಗಳ ಬಗ್ಗೆ ಅವರು ಲೇಖನ ಬರೆದು ಕೊಡಬೇಕಿತ್ತು. ನನ್ನ ಅಕ್ಷರ ದುಂಡಗಿತ್ತೆಂದು ಪ್ರತಿ ತೆಗೆಯಲು ನನ್ನನ್ನು ಕರೆದರು. ಭಾನುವಾರ ಬೆಳಗಿನ ಬಸ್ಸಿಗೆ ಬೇಲೂರಿಗೆ ಹೋಗಿ ಸಂಜೆ ವಾಪಸಾಗುತ್ತಿದ್ದೆ.

ಸುದ್ದಿ ಮೇಸ್ತ್ರಿಗೂ ಮುಟ್ಟಿತು. ಒಂದು ಭಾನುವಾರ ಹಳೇಬೀಡಿನಲ್ಲಿ ಬಸ್ಸು ನಿಂತಾಗ, ಕುಂಟುತ್ತ ಬಂದು ನನ್ನ ಕಿಟಕಿಯ ಕೆಳಗೆ ನಿಂತರು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ.

"ಗುಮಾಸ್ತ್ರೇ, ಬುಕ್ಕಿನಾಗೆ ಪಂದ್ಯದ ವಿಚಾರ ಬತ್ತದಂತೆ. ಕಪ್ಪಿನ ವಿಚಾರ ಬ್ಯಾಡ. ಅದು ಯಜಮಾನ್ರದು, ಅವರ ಬೀರಿನಾಗೆ ಇರ್ಲಿ. ಮೂರು ಗಾಡೀಲಿ ಮೊದ್ಲು ಬಂದ್ರೆ ಅದೂ ಒಂದು ಗೆಲುವಾ? ಆ ಐದನೇದು ಹಾಕಿಸಿ. ನನ್ ಹೆಸರು ಹಾಕಿಸಿ. ಬಿದ್ದಿದ್ದನ್ನೂ ಹಾಕಿಸಿ."

"ಬಿದ್ದಿದ್ದು ಯಾಕೆ ಮೇಸ್ತ್ರಿ?" ಅಂದೆ.

ಅವರು ತಲೆ ತಗ್ಗಿಸಿದರು. "ಊರಾಗೆ ಯಾರೂ ನಂಬಾಕಿಲ್ಲ. ಕುಡಿದು ಗಾಡಿಯಿಂದ ಬಿದ್ದ ಕುಂಟ ಅಂತಾರೆ. ಪೇಪರ್ನಾಗೆ ನೋಡಿದ್ರೆ ಹೆಸರು ಸಾಹುಕಾರ್ರದು. ಮಗಳು ಇಸ್ಕೂಲಿಂದ ದಿನಾ ಅತ್ಕೊಂಡು ಬತ್ತಾಳೆ. ಚೀಟಿ ಅವಳೇ ಬರ್ದವ್ಳೆ."

ಬಸ್ಸು ಹೊರಟಿತು. ಚೀಟಿ ಬಿಚ್ಚಿ ನೋಡಿದೆ. ಮಗುವಿನ ಅಕ್ಷರದಲ್ಲಿ ತಂದೆಯ ಪೂರ್ತಿ ಹೆಸರು, ಊರು, ಐದನೆಯ ಸ್ಥಾನ, ಕಾಲು ಮುರಿದದ್ದು. ಮಡಚಿ ಅಂಗಿಯ ಜೇಬಿಗಿಟ್ಟೆ.

ಹೆಡ್‌ಮಾಸ್ತರು ಅಂದು ಪಂದ್ಯದ ಭಾಗಕ್ಕೇ ಕೂತಿದ್ದರು. ಸಾಹುಕಾರರು ಕಳಿಸಿದ್ದ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿದ್ದರು. ಊರಿನವರು ಕೊಟ್ಟ ಮಾನಪತ್ರವನ್ನು ತೆಗೆದು ಬದಿಗಿಟ್ಟರು. "ಶಾಲು ಹೊದಿಸಿದ್ದನ್ನೆಲ್ಲ ಬರೆಯೋಕೆ ಹೋದರೆ ಇದು ಮದುವೆಮನೆ ಉಡುಗೊರೆ ಪಟ್ಟಿ ಆಗುತ್ತೆ ಕಣೋ" ಅಂದರು. ಪಂದ್ಯ ನಡೆಸಿದ ಸಂಘದವರು ಅಚ್ಚು ಮಾಡಿದ ಫಲಿತಾಂಶದ ಹಾಳೆಗಳು ಉಳಿದವು. ಮೊದಲ ಮೂರು ಸ್ಥಾನ ಮಾತ್ರ ಸೇರಿಸಬೇಕೆಂಬುದು ವಿಶ್ವಕೋಶದವರಿಂದ ಹೆಡ್‌ಮಾಸ್ತರಿಗೆ ಬಂದಿದ್ದ ಸೂಚನೆ. ಆದರೂ ಮದರಾಸಿನ ಹಾಳೆಯನ್ನು ಅವರು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

"ನೋಡು, ಮೂವರಲ್ಲಿ ಮೊದಲನೆಯದಕ್ಕಿಂತ ಇಷ್ಟು ಜನದಲ್ಲಿ ಐದನೆಯದು ದೊಡ್ಡದು. ಅದೂ ಇಲ್ಲೇ ಕಟ್ಟಿದ ಗಾಡಿಯಲ್ಲಿ. ಕಟ್ಟಿದವನೇ ಓಡಿಸಿದ್ದರೆ ನಾನು ಸೂಚನೆ ಮೀರಿ ಸೇರಿಸ್ತೀನಿ, ಯಾರು ಕೇಳಿದರೂ ಉತ್ತರ ಕೊಡ್ತೀನಿ. ಆದರೆ ಇಲ್ಲಿ ಸಾಹುಕಾರರ ಹೆಸರಿದೆ. ಅವರ ಹೊಟ್ಟೆ ನೋಡಿದರೆ ನಂಬಿಕೆ ಬರಲ್ಲ. ನೀನು ಹೋಗಿದ್ಯಲ್ಲ, ಓಡಿಸಿದ್ದು ಯಾರು? ಎರಡು ಸಾಲು ಬರೆದು ಸಹಿ ಹಾಕಿ ಕೊಡು, ನನಗೆ ಅಷ್ಟು ಆಧಾರ ಸಾಕು."

ಚೀಟಿ ನನ್ನ ಎದೆಯ ಮೇಲೇ ಇತ್ತು. ಆ ತಿಂಗಳ ಕೊನೆಗೆ ಕಮಿಟಿ ಸೇರುವುದಿತ್ತು. ನನ್ನ ಕೆಲಸ ಕಾಯಂ ಮಾಡುವ ವಿಷಯ ಅದರಲ್ಲಿತ್ತು. ನನ್ನ ಸಹಿ ಸಾಹುಕಾರರ ಕಿವಿಗೆ ಬೀಳದೆ ಇರುತ್ತದೆಯೇ? ಹಾಗೆಂದು ಯಾರೂ ನನ್ನನ್ನು ಹೆದರಿಸಿರಲಿಲ್ಲ. ನಾನೇ ಹೆದರಿದೆ.

"ಕಾಗದದಲ್ಲಿ ಇರೋದೇ ನಿಜ ಸಾರ್" ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದರೆ ಐದನೆಯದು ಬೇಡ. ಕಪ್ಪಿನ ಸಾಲೊಂದು ಸಾಕು" ಎಂದು ಕರಡಿನಲ್ಲಿದ್ದ ಮದರಾಸಿನ ಸಾಲಿನ ಮೇಲೆ ಗೀಟು ಎಳೆದರು. ಆ ಕರಡನ್ನು ನಾನೇ ದುಂಡು ಅಕ್ಷರದಲ್ಲಿ ಪ್ರತಿ ಮಾಡಿದೆ. ಯಾವುದು ಗೆಲುವೇ ಅಲ್ಲವೋ ಅದು, ಯಾರು ಗಾಡಿ ಹತ್ತಲೇ ಇಲ್ಲವೋ ಅವರ ಹೆಸರಿನಲ್ಲಿ ಸೇರಿತು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಚೀಟಿಯನ್ನು ಹರಿದು ಗಾಳಿಗೆ ಬಿಟ್ಟೆ. ಹಳೇಬೀಡು ಬಂದಾಗ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಕೂತಿದ್ದೆ.

ನನ್ನ ಕೆಲಸ ಕಾಯಂ ಆಯಿತು.

ಪುಸ್ತಕ ಅಚ್ಚಾಗಿ ನಮ್ಮ ಶಾಲೆಯ ಲೈಬ್ರರಿಗೆ ಬಂದದ್ದು ಹೇಗೆ ತಿಳಿಯಿತೋ, ಮೇಸ್ತ್ರಿ ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬಂದರು. ಒಗೆದ ಅಂಗಿ ತೊಟ್ಟಿದ್ದರು. ಹುಡುಗಿಗೆ ಹನ್ನೆರಡು ವರ್ಷವಿರಬಹುದು, ಎರಡು ಜಡೆ. ನಾನು ಪುಟ ತೆಗೆದು ಮೇಜಿನ ಮೇಲಿಟ್ಟೆ. ಅವಳು ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದಳು. ಸಾಹುಕಾರರ ಹೆಸರು, ಬೆಂಗಳೂರಿನ ಕಪ್ಪು, ಪೂರ್ಣವಿರಾಮ.

"ಇನ್ನೊಂದ್ಸಲ ಓದವ್ವ" ಅಂದರು ಮೇಸ್ತ್ರಿ. ಅವಳು ಓದಿದಳು. ಅಷ್ಟೇ ಇತ್ತು.

ನಾನು ಏನಾದರೂ ಹೇಳುವ ಮೊದಲೇ ಅವರು ಹೇಳಿದರು, ಮಗಳ ಕಡೆ ತಿರುಗಿ. "ದೊಡ್ಡ ಬುಕ್ಕಲ್ವೇನವ್ವ. ಎಲ್ಲಾ ಊರಿಂದೂ ಬರೀಬೇಕು. ಜಾಗ ಸಾಲ್ದೆ ಹೋಗಿರ್ತದೆ. ಅಲ್ವರಾ ಗುಮಾಸ್ತ್ರೇ?"

"ಹೌದು ಮೇಸ್ತ್ರಿ, ಜಾಗ ಸಾಲಲಿಲ್ಲ" ಅಂದೆ.

ಆ ಪುಟದ ಅಡಿಯಲ್ಲಿ ನಾಲ್ಕು ಬೆರಳಗಲ ಖಾಲಿ ಇತ್ತು. ಹುಡುಗಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಪುಸ್ತಕ ಮುಚ್ಚಿ ಅಪ್ಪನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಸಿದಳು. "ಬತ್ತೀನಿ ಗುಮಾಸ್ತ್ರೇ, ತೊಂದ್ರೆ ಕೊಟ್ಟೆ" ಎಂದರು ಅವರು, ಕೆಳಗಿನ ಮೆಟ್ಟಿಲಿನಿಂದ.

ಅದೇ ಕೊನೆ. ಸಾಹುಕಾರರು ತೀರಿಕೊಂಡ ಮೇಲೆ, ಹೆದರಬೇಕಾದ್ದು ಏನೂ ಉಳಿಯದೆ ಹೋದ ಮೇಲೆ, ಒಮ್ಮೆ ಮಾದಿಹಳ್ಳಿಗೆ ಹೋದೆ. ಮೋಟಾರ್ ಮೇಸ್ತ್ರಿಯ ಮನೆ ಯಾವುದೆಂದು ಬಸ್ ಸ್ಟಾಪಿನ ಅಂಗಡಿಯವನನ್ನು ಕೇಳಿದೆ. "ಯಾರು, ಆ ಕುಡಿದು ಬಿದ್ದ ಕುಂಟಂದಾ? ಸತ್ತು ಬಾಳ ವರ್ಷ ಆಯ್ತು. ಮಗಳನ್ನ ಎಲ್ಲಿಗೋ ದೂರಕ್ಕೆ ಕೊಟ್ರು" ಅಂದ. ಅವರು ಕುಡಿಯುತ್ತಿರಲಿಲ್ಲ, ಪಂದ್ಯದಲ್ಲಿ ಬಿದ್ದದ್ದು, ನಾನು ಕಂಡಿದ್ದೇನೆ ಅಂದೆ. ಅವನು ನಕ್ಕು ಇನ್ನೊಬ್ಬರಿಗೆ ಬೀಡಿ ಕೊಡಲು ತಿರುಗಿದ.

ಶಾಲೆಯವರು ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕಿದಾಗ ಆ ಸಂಪುಟವನ್ನು ನಾನು ಮನೆಗೆ ತಂದಿದ್ದೆ. ಹೋದ ವಾರ, ಹೊಗೆ ಇನ್ನೂ ನಡುಮನೆಯಲ್ಲಿ ಇರುವಾಗಲೇ, ಅಟ್ಟದಿಂದ ಅದನ್ನು ಇಳಿಸಿಕೊಟ್ಟಳು ಸೊಸೆ. ಪುಟ ಹಳದಿಯಾಗಿದೆ, ಅಡಿಯ ಖಾಲಿ ಜಾಗ ಹಾಗೇ ಇದೆ. ಪೆನ್ನು ಹಿಡಿದು ಬರೆದೆ: ಮದರಾಸಿನ ಪಂದ್ಯದಲ್ಲಿ ಐದನೆಯ ಸ್ಥಾನ, ಗಾಡಿ ಕಟ್ಟಿದವರೂ ಓಡಿಸಿದವರೂ ಮಾದಿಹಳ್ಳಿಯ...

ಅಲ್ಲಿಗೆ ಕೈ ನಿಂತಿತು. ಹೆಸರು ನೆನಪಾಗಲಿಲ್ಲ. ನಾವೆಲ್ಲ ಮೇಸ್ತ್ರಿ ಎಂದೇ ಕರೆದೆವು. ಹೆಸರು ಇದ್ದದ್ದು ಆ ಚೀಟಿಯಲ್ಲಿ ಮಾತ್ರ. ಆ ಮಗುವಿನ ಅಕ್ಷರದ ಬಾಗು ಕಣ್ಣಿಗೆ ಕಟ್ಟಿದಂತಿದೆ, ಅದು ಕೂಡಿ ಏನಾಗುತ್ತಿತ್ತೋ ತಿಳಿಯುತ್ತಿಲ್ಲ. ಮಾದಿಹಳ್ಳಿಯಲ್ಲಿ ಕೇಳಬಹುದಿತ್ತು, ಆಗ ಹೊಳೆಯಲಿಲ್ಲ.

ಒಂದು ವಾರದಿಂದ ಪುಸ್ತಕ ಮೇಜಿನ ಮೇಲೆ ತೆರೆದೇ ಇದೆ. ಜಾಗ ಬೇಕಾದಷ್ಟಿದೆ.