ಸುಭದ್ರಾಬಾಯಿಯ ಹೆಸರಿನ ನೀರು

ಹಲಬರ್ಗಾದ ಸುಭದ್ರಾಬಾಯಿಗೆ ಓದು ಬರುತ್ತಿರಲಿಲ್ಲ, ಬೈಗುಳ ಚೆನ್ನಾಗಿ ಬರುತ್ತಿತ್ತು. ದವಾಖಾನೆ ನಡೆಸಲು ಅಷ್ಟು ಸಾಕಾಯಿತು.

ನಿಜಾಮರ ಕಾಲ, ಫಸಲಿ ೧೩೨೮, ಅಂದರೆ ೧೯೧೮ರ ಸುಮಾರು. ಊರಿನ ಮೇಲ್ಗಡೆ ಚರ್ಮ ಹದ ಮಾಡುವ ಕಾರಖಾನೆ ಬಂತು. ಅದರ ಹಳದಿ ಮದ್ದಿನ ನೀರನ್ನು ನೇರ ಹಳ್ಳಕ್ಕೆ ಬಿಟ್ಟರು. ಹಳ್ಳದಲ್ಲಿ ಬಟ್ಟೆ ಒಗೆದವರಿಗೆ, ಕುರಿ ತೊಳೆದವರಿಗೆ ಕೈಕಾಲೆಲ್ಲ ಹುಣ್ಣು. ಬೀದರಿನ ಕೆಲವು ವ್ಯಾಪಾರಿಗಳು ಸೇರಿ ಧರ್ಮದ ದವಾಖಾನೆ ತೆರೆದರು. ಗುರುವಾರಕ್ಕೊಮ್ಮೆ ಡಾಕ್ಟರ್ ಗೌಸೋದ್ದೀನ ಸಾಹೇಬರು ಟಾಂಗಾದಲ್ಲಿ ಬರುವರು. ಜಾಗ, ಸುಭದ್ರಾಬಾಯಿಯ ಕೊಟ್ಟಿಗೆ. ಹುಣ್ಣು ತೊಳೆದು ಪಟ್ಟಿ ಕಟ್ಟುವವಳೂ ಅವಳೇ. ಅವಳ ಕಾಲಲ್ಲೂ ಹುಣ್ಣಿತ್ತು, ಅದಕ್ಕೆ ಮಾತ್ರ ಅವಳಿಗೆ ಪುರುಸೊತ್ತಿರಲಿಲ್ಲ.

ಒಂದು ದಿನ ಡಾಕ್ಟರು ಕೈ ಚೆಲ್ಲಿ ಕೂತರು. "ಬಾಯಿ, ಮುಲಾಮು ಹಚ್ಚಿ ಹಚ್ಚಿ ನಾ ಸಾಯ್ತೇನಿ. ಆ ನೀರ ನಿಲ್ಲಬೇಕು. ಕಚೇರಿಗಿ ಸಬೂತ ಬೇಕ್ರಿ, ಪುರಾವೆ. ಏಳು ಮನಿಯಿಂದ ಒಂದೊಂದು ಬಾಟ್ಲಿ ನೀರ ತರಸ್ರಿ, ಬಾಟ್ಲಿ ಮ್ಯಾಲ ಆ ಮನಿಯವರ ಹೆಸರ ಇರಲಿ. ಹೈದರಾಬಾದಿಗಿ ಜಾಂಚಕ್ಕ ಕಳಸ್ತೇನಿ."

ಬಾಟಲಿಗಳು ಹೋದವು, ತಿಂಗಳಲ್ಲಿ ಕಾಗದ ಬಂತು: ಏಳೂ ನೀರು ಕುಡಿಯಲು ಉತ್ತಮ, ಒಂದು ತುಸು ಸಿಹಿ.

ಕಾರಖಾನೆಯ ಮ್ಯಾನೇಜರು ಸಂತೆಯಲ್ಲೆಲ್ಲ ಆ ಕಾಗದ ಓದಿಸಿದ. ನೀರು ಅಷ್ಟು ಚಲೋ ಇದ್ದರೆ ದವಾಖಾನೆ ಯಾಕೆ ಎಂದರು ವ್ಯಾಪಾರಿಗಳು. ಇನ್ನೊಂದು ಜಾಂಚ್ ಆಗಲಿ, ಅದರಲ್ಲೂ ನೀರು ಚಲೋ ಎಂದು ಬಂದರೆ ಬಾಗಿಲು ಹಾಕುವುದೇ ಎಂದು ಹೇಳಿ ಕಳಿಸಿದರು.

ಡಾಕ್ಟರು ಊರವರನ್ನು ಕೂಡಿಸಿ ಕೇಳಿದರು. ಪಕ್ಕದ ಮನೆಯ ಲಲಿತಾಬಾಯಿ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯ, ಸಾಹೇಬರು ನೀರ ಕೇಳ್ಯಾರ ಅಂದ್ರ ಹೊಲಸ ನೀರ ಕೊಡಾದೇನ್ರಿ? ದೂರದ ಬಾವಿಯಿಂದ ತಂದು ಮೂರು ಸಲ ಸೋಸೇನಿ."

ಉಳಿದವರೂ ಅದನ್ನೇ ಮಾಡಿದ್ದರು.

"ಮತ್ತ ಸಿಹಿ?"

ಸುಭದ್ರಾಬಾಯಿ ಗೋಡೆ ನೋಡಿದಳು. "ನಮ್ಮಲ್ಲಿ ಬರೇ ನೀರ ಕೊಡಂಗಿಲ್ರಿ. ಚೂರು ಬೆಲ್ಲ ಹಾಕಿದ್ನಿ."

ಡಾಕ್ಟರು ಟೋಪಿ ತೆಗೆದು ತಲೆ ಹಿಡಿದುಕೊಂಡರು.

ಈ ಸಲ ಹಳ್ಳದ ನೀರನ್ನೇ ತುಂಬಬೇಕೆಂದರು. ಯಾರೂ ಮುಂದೆ ಬರಲಿಲ್ಲ. "ನನ್ನ ಹೆಸರ ಹೊತ್ಕೊಂಡು ಆ ನೀರ ಹೈದರಾಬಾದಿಗಿ ಹೋದ್ರ, ನನ್ನ ಮಗಳ್ನ ಯಾರ ಮಾಡ್ಕೋತಾರ್ರಿ?" ಎಂದಳು ಲಲಿತಾಬಾಯಿ.

"ಹೈದರಾಬಾದಿನ್ಯಾಗ ಯಾವ ನವಾಬ ನಿನ್ನ ಮಗಳ ಸಲುವಾಗಿ ಕುಂತಾನ?" ಎಂದಳು ಸುಭದ್ರಾಬಾಯಿ.

ಕುರಿ ಸಾಕುವ ಮಡೆಪ್ಪ ಹಿಂದೆ ಸರಿದ. "ನನ್ನ ಹೆಸರ ಬ್ಯಾಡವ್ವ. ನಾಳಿ ನನ್ನ ಕುರಿ ಯಾರ ಕೊಳ್ತಾರ?"

"ನಿನ್ನ ಕುರಿ ಉಳದ್ರ ಅಲ್ಲೇನೊ, ಮಾರೋದು!"

ಸೀರೆ ಎತ್ತಿ ಕಟ್ಟಿ, ಹುಣ್ಣಿನ ಕಾಲಲ್ಲೇ ಹಳ್ಳಕ್ಕಿಳಿದು, ಏಳೂ ಬಾಟಲಿ ತುಂಬಿ ತಂದಿಟ್ಟಳು.

"ಏಳೂ ನಿಮ್ಮ ಹೆಸರಿಗೇನ್ರಿ?" ಡಾಕ್ಟರು ಲೆಕ್ಕಣಿಕೆ ಹಿಡಿದು ಕೇಳಿದರು.

"ಬರೀರಿ. ನನಗೇನು ಇನ್ನ ವರ ಹುಡುಕಬೇಕಾಗ್ಯಾದ?"

ಏಳೂ ಬಾಟಲಿ ವಿಷವೆಂದು ಜಾಂಚಾಗಿ, ಮಳೆಗಾಲಕ್ಕೆ ಮುಂಚೆ ಕಚೇರಿಯ ಹುಕುಂ ಬಂತು. ಊರಲ್ಲಿ ಡಂಗುರ ಸಾರಿದರು: "ಸುಭದ್ರಾಬಾಯಿಯ ನೀರು ವಿಷ, ಯಾರೂ ಮುಟ್ಟಬಾರದು! ಕಾರಖಾನೆಯವರು ಗುಂಡಿ ತೋಡಿ ತಮ್ಮ ನೀರು ಅಲ್ಲೇ ಇಂಗಿಸಬೇಕು!"

ಮೊದಲನೆಯ ಮಾತನ್ನು ಊರು ಅವತ್ತೇ ಪಾಲಿಸಿತು, ಅವಳ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿತು. ಎರಡನೆಯದನ್ನು ಕಾರಖಾನೆ ಕೇಳಿಯೇ ಇಲ್ಲದ ಹಾಗೆ ಕೂತಿತು. ಬಡವರ ಮೇಲೆ ಹುಕುಂ ಓಡುತ್ತದೆ, ಧಣಿಯ ಮೇಲೆ ತೆವಳುತ್ತದೆ.

ಸುಭದ್ರಾಬಾಯಿ ಮೂರು ಗುರುವಾರ ಕಾದಳು. ನಾಲ್ಕನೆಯ ಗುರುವಾರ ಟಾಂಗಾಕ್ಕೆ ಅಡ್ಡ ನಿಂತಳು. "ಇವತ್ತ ದವಾಖಾನಿ ಕಾರಖಾನಿ ಬಾಗಲಿಗಿ ಹಾಕೋಣ್ರಿ."

ಹಾಕಿದರು. ನಲವತ್ತು ಜನ ಹುಣ್ಣಿನ ಕಾಲು ಚಾಚಿ ಕೂತರು. ಸರಕು ನೋಡಲು ಬಂದ ಸಾಹುಕಾರರು ಮೂಗು ಮುಚ್ಚಿಕೊಂಡು ವಾಪಸು ಹೋದರು. ಮ್ಯಾನೇಜರು ಓಡಿ ಬಂದ. "ಬಾಯಿ, ಇದೇನ್ರಿ ತಮಾಷಾ?"

"ಧರ್ಮದ ದವಾಖಾನಿ ಅದರಿ. ನಿಮಗೂ ಹುಣ್ಣ ಅದ ಏನ್ರಿ, ತೋರಸ್ರಿ."

ಮುಂದಿನ ಗುರುವಾರವೂ ಅಲ್ಲೇ, ಅದರ ಮುಂದಿನದೂ. ನಾಲ್ಕನೆಯ ವಾರಕ್ಕೆ ಗುಂಡಿ ಸಿದ್ಧವಾಯಿತು. ಒಂದೆರಡು ಮಳೆಗೆ ಹಳ್ಳ ತಿಳಿಯಾಯಿತು, ವರ್ಷದೊಳಗೆ ಹುಣ್ಣುಗಳು ಒಣಗಿದವು.

ಅವಳ ನೀರು ವಿಷವೆಂಬ ಹುಕುಂ ಮಾತ್ರ ರದ್ದಾಗಲಿಲ್ಲ. ರದ್ದು ಮಾಡಿಸಲು ಮತ್ತೆ ಏಳು ಬಾಟಲಿ ಕೇಳಿದರಂತೆ. ಸುಭದ್ರಾಬಾಯಿ ಕಚೇರಿಯವರನ್ನು ಬೈದು, ಬಂದವರಿಗೆ ನೀರಿನ ಬದಲು ಮಜ್ಜಿಗೆ ಕೊಡಲೆಂದು ಒಂದು ಎಮ್ಮೆ ಕಟ್ಟಿದಳು.